ಬೆಂಗಳೂರಿನಲ್ಲಿ ಸೈಕಲ್‌ಗೆ ಭದ್ರವಾದ ಬೀಗ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸೈಕಲ್ ಕಳೆದುಕೊಂಡವರನ್ನು ‘ಬೀಗ ಹಾಕಿದ್ದಿರಾ?’ ಎಂದು ಕೇಳಿದರೆ ‘ಹಾಕಿದ್ದೆ’ ಎಂಬ ಉತ್ತರವೇ ಮತ್ತೆ ಮತ್ತೆ ಸಿಗುತ್ತದೆ. ತಪ್ಪು ಆಗಿರುವುದು ಕೆಲಸದ ಕ್ರಮದಲ್ಲಿ. ಸೈಕಲ್ ಕೊಂಡ ದಿನವೇ ಗಂಟೆ, ನೀರಿನ ಬಾಟಲಿ, ಲೈಟುಗಳ ಜೊತೆಗೆ ಗಲ್ಲಾಪೆಟ್ಟಿಗೆಯ ಪಕ್ಕ ನೇತುಹಾಕಿದ್ದ ನಂಬರ್ ಲಾಕ್ ಒಂದನ್ನು ತಂದಿರುತ್ತಾರೆ. ಮನೆಗೆ ಬಂದ ಮೇಲೆ ಅದು ಬೇಸ್‌ಮೆಂಟಿನ ಕಂಬವನ್ನು ಸುತ್ತುವಷ್ಟು ಉದ್ದವಿಲ್ಲವೆಂದು ತಿಳಿದು, ಹಿಂದಿನ ಚಕ್ರವನ್ನು ಫ್ರೇಮಿಗೇ ಕಟ್ಟಿ ಸಮಾಧಾನಪಟ್ಟುಕೊಳ್ಳುತ್ತಾರೆ. ಹಾಗೆ ಕಟ್ಟಿದ ಸೈಕಲ್ ಓಡುವುದಿಲ್ಲ, ನಿಜ. ಆದರೆ ಹನ್ನೆರಡು ಹದಿನೈದು ಕಿಲೋ ತೂಕದ ವಸ್ತುವನ್ನು ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಳ್ಳಲು ಯಾರಿಗೂ ಹೆಚ್ಚು ಶ್ರಮವಿಲ್ಲ.

ಆದ್ದರಿಂದ ಮೊದಲು ಜಾಗವನ್ನು, ಆಮೇಲೆ ಸೈಕಲನ್ನು ಕಟ್ಟುವ ಆಧಾರವನ್ನು, ನಂತರ ಅಳತೆಯನ್ನು ನೋಡಿ, ಎಲ್ಲಕ್ಕಿಂತ ಕೊನೆಗೆ ಬೀಗವನ್ನು ಕೊಳ್ಳಬೇಕು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ.

ಬೇಕಾಗುವ ಸಲಕರಣೆಗಳು

ಒಂದು ಅಳತೆ ಟೇಪು, ದಪ್ಪ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ (ಪ್ಲಾಸ್ಟಿಕ್ಕಿನದೂ ಸಾಕು), ಸಣ್ಣ ತ್ರಿಕೋನ ಅರ, ಅಲೆನ್ ಕೀಗಳ (ಆರು ಮೂಲೆಯ ತೂತಿನ ಬೋಲ್ಟು ತಿರುಗಿಸುವ ಬಾಗಿದ ಕಡ್ಡಿಗಳು) ಸೆಟ್, ಟಾರ್ಚ್ ಮತ್ತು ಫೋಟೋ ತೆಗೆಯಲು ಫೋನು. ಮನೆಯಲ್ಲಿ ಇಲ್ಲದ್ದು ಎಸ್.ಜೆ.ಪಿ. ರಸ್ತೆಯ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಹಂತ 1: ಸೈಕಲ್ ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆಂದು ಬರೆದುಕೊಳ್ಳಿ

ಒಂದು ವಾರದ ಓಡಾಟವನ್ನು ನೆನಪಿಸಿಕೊಂಡು ಸೈಕಲ್ ನಿಲ್ಲುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ. ದರ್ಶಿನಿಯ ಮುಂದೆ ಕಾಫಿ ಕುಡಿಯುವ ಹತ್ತು ನಿಮಿಷ, ಕಚೇರಿಯ ಪಾರ್ಕಿಂಗಿನಲ್ಲಿ ಹಗಲಿಡೀ, ಮೆಟ್ರೋ ನಿಲ್ದಾಣದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ, ಮನೆಯಲ್ಲಿ ರಾತ್ರಿಯೆಲ್ಲ: ಇವು ಬೇರೆ ಬೇರೆ ಅಪಾಯಗಳು, ಇವಕ್ಕೆ ಒಂದೇ ಬೀಗ ಸಾಲುವುದು ಅಪರೂಪ.

ಜನರು ಲೆಕ್ಕ ತಪ್ಪುವುದು ಮನೆಯ ವಿಷಯದಲ್ಲಿ. ಕಾವಲುಗಾರರಿದ್ದಾರೆ, ಕ್ಯಾಮೆರಾ ಇದೆ ಎಂಬ ಧೈರ್ಯದಿಂದ ರಸ್ತೆಯಲ್ಲಿ ಹಾಕುವ ಬೀಗವನ್ನೂ ಬೇಸ್‌ಮೆಂಟಿನಲ್ಲಿ ಹಾಕುವುದಿಲ್ಲ. ಆದರೆ ರಾತ್ರಿ ಎಂಟು ಗಂಟೆಗಳ ಕಾಲ ಯಾರೂ ಇಣುಕದ ಬೇಸ್‌ಮೆಂಟಿನ ಮೂಲೆಯೇ ಕಳ್ಳನಿಗೆ ಅನುಕೂಲವಾದದ್ದು. ಮಲ್ಲೇಶ್ವರ 8ನೇ ಕ್ರಾಸಿನ ಸಂಜೆಯ ಜನಜಂಗುಳಿಯಲ್ಲಿ ಆಂಗಲ್ ಗ್ರೈಂಡರ್ (ತಿರುಗುವ ಬಿಲ್ಲೆಯಿಂದ ಲೋಹ ಕೊಯ್ಯುವ ಯಂತ್ರ) ಹಚ್ಚಲು ಅವನು ಎರಡು ಸಲ ಯೋಚಿಸಬೇಕಾಗುತ್ತದೆ. ಕ್ಯಾಮೆರಾ ಕಳ್ಳತನವನ್ನು ದಾಖಲಿಸುತ್ತದೆ, ತಡೆಯುವುದಿಲ್ಲ. ಡೆಲಿವರಿಯವರು, ಮನೆ ಸಾಗಿಸುವವರು, ಪಿ.ಜಿ.ಗೆ ಹೊಸದಾಗಿ ಬಂದವರು ದಿನವೂ ಓಡಾಡುವ ಕಟ್ಟಡದಲ್ಲಿ ಸೈಕಲ್ ತಳ್ಳಿಕೊಂಡು ಹೊರಗೆ ಹೋಗುವವನನ್ನು ಗೇಟಿನಲ್ಲಿ ನಿಲ್ಲಿಸಿ ಕೇಳುವವರೂ ಕಡಿಮೆ.

ಪಟ್ಟಿಯಲ್ಲಿ ಅತಿ ಹೆಚ್ಚು ಹೊತ್ತು, ಅತಿ ಕಡಿಮೆ ಕಣ್ಣುಗಳ ಎದುರು ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಮುಖ್ಯ ಬೀಗವನ್ನು ಆ ಜಾಗವನ್ನು ಗಮನದಲ್ಲಿಟ್ಟುಕೊಂಡೇ ಆರಿಸಬೇಕು.

ಹಂತ 2: ಕಟ್ಟುವ ಆಧಾರವನ್ನು ಪರೀಕ್ಷಿಸಿ

ಎಷ್ಟೇ ಬೆಲೆಯ ಬೀಗವಾದರೂ ಅದನ್ನು ಸಿಕ್ಕಿಸಿದ ಕಂಬಿಗಿಂತ ಹೆಚ್ಚು ಗಟ್ಟಿಯಾಗಿರಲು ಸಾಧ್ಯವಿಲ್ಲ. ಗುರುತು ಹಾಕಿದ ಜಾಗಕ್ಕೆ ಟಾರ್ಚ್ ಹಿಡಿದು ಹೋಗಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಅದು ಅಲುಗಾಡುತ್ತದೆಯೇ? ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಫುಟ್‌ಪಾತಿನ ‘ನೋ ಪಾರ್ಕಿಂಗ್’ ಫಲಕದ ಕಂಬಗಳು ಎಷ್ಟೋ ಕಡೆ ಕಲ್ಲುಚಪ್ಪಡಿಯ ನಡುವೆ ಸಡಿಲವಾಗಿ ನಿಂತಿರುತ್ತವೆ. ಎರಡನೆಯದು, ಸೈಕಲನ್ನು ಬೀಗ ಸಮೇತ ಮೇಲೆತ್ತಿ ಕಂಬದ ತುದಿಯಿಂದ ಕಳಚಬಹುದೇ? ಎದೆಯ ಮಟ್ಟದ ಗೂಟವಾಗಿದ್ದರೆ ಖಂಡಿತ ಕಳಚಬಹುದು.

ಮೂರನೆಯದು, ಒಳಗೆ ಟೊಳ್ಳೇ? ಕಿಟಕಿಯ ಗ್ರಿಲ್‌ಗಳಲ್ಲಿ ಎರಡು ಬಗೆ: ಹಳೆಯ ಮನೆಗಳ 10ರಿಂದ 12 ಮಿ.ಮೀ. ದಪ್ಪದ ಗಟ್ಟಿ ಸರಳು, ಹೊಸ ಕಟ್ಟಡಗಳ ತೆಳು ಗೋಡೆಯ ಚೌಕ ಪೈಪು. ಬೆರಳಿನಿಂದ ತಟ್ಟಿದರೆ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಪೈಪನ್ನು ಹ್ಯಾಕ್ಸಾ ಬ್ಲೇಡಿನಿಂದಲೇ ಕೊಯ್ಯಬಹುದು. ಸ್ಟೇನ್‌ಲೆಸ್ ಸ್ಟೀಲಿನ ಮೆಟ್ಟಿಲ ಕಂಬಿಯ ಹೊಳಪನ್ನು ನೋಡಿ ಮೋಸಹೋಗಬಾರದು, ಅದೂ ಒಳಗೆ ಟೊಳ್ಳೇ.

ನಾಲ್ಕನೆಯದು, ಬೋಲ್ಟುಗಳು ಯಾರಿಗೆ ಕಾಣುತ್ತಿವೆ? ಸ್ಟ್ಯಾಂಡನ್ನು ನೆಲಕ್ಕೆ ಬಿಗಿದ ನಟ್ಟುಗಳು ತೆರೆದಿದ್ದರೆ ಒಂದು ಸ್ಪ್ಯಾನರ್ ಸಾಕು, ಸೈಕಲ್ ಮತ್ತು ಸ್ಟ್ಯಾಂಡ್ ಎರಡೂ ಹೋಗುತ್ತವೆ. ನಟ್ಟನ್ನು ಬೋಲ್ಟಿಗೆ ವೆಲ್ಡ್ ಮಾಡಿಸುವುದು ಸುಲಭದ ಪರಿಹಾರ.

ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್‌ನ ಬೇಲಿ, ಬೀದಿದೀಪದ ಕಂಬಗಳಿಗೆ ಸೈಕಲನ್ನು ಎಂದಿಗೂ ಕಟ್ಟಬೇಡಿ. ಮಳೆಗಾಲದಲ್ಲಿ ಕಂಬಕ್ಕೆ ವಿದ್ಯುತ್ ಸೋರಿದ್ದರೆ ಒದ್ದೆ ಕೈಯಲ್ಲಿ ಬೀಗ ತೆಗೆಯುವವರೇ ಅದಕ್ಕೆ ಮೊದಲು ಸಿಗುತ್ತಾರೆ. ಎಳೆಯ ಮರಗಳನ್ನೂ ಬಿಟ್ಟುಬಿಡಿ. ಸರಪಳಿ ತೊಗಟೆಯನ್ನು ಉಜ್ಜಿ ಗಾಯ ಮಾಡುತ್ತದೆ, ಆ ದಪ್ಪದ ಕಾಂಡವನ್ನು ಗರಗಸದಿಂದ ಕೊಯ್ಯುವುದೂ ಕಷ್ಟವಲ್ಲ.

ಅಪಾರ್ಟ್‌ಮೆಂಟಿನಲ್ಲಿ ಯೋಗ್ಯವಾದ ಆಧಾರವೇ ಇಲ್ಲದಿದ್ದರೆ ಬೀಗಕ್ಕೆ ಹಣ ಹಾಕುವ ಮುನ್ನ ಸಂಘದವರೊಡನೆ ಮಾತಾಡಿ. ತಲೆಕೆಳಗಾದ U ಆಕಾರದಲ್ಲಿ ಬಾಗಿಸಿದ, ಸುಮಾರು 75 ಸೆಂ.ಮೀ. ಎತ್ತರದ ದಪ್ಪ ಗೋಡೆಯ ಕಬ್ಬಿಣದ ಪೈಪನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ಹೂತರೆ ಎರಡು ಸೈಕಲ್‌ಗಳಿಗೆ ಆಗುತ್ತದೆ. ಬಡಾವಣೆಯ ಯಾವುದೇ ಗ್ರಿಲ್ ವೆಲ್ಡಿಂಗ್ ಅಂಗಡಿಯವರು ಇದನ್ನು ಮಾಡಿಕೊಡುತ್ತಾರೆ. ಮುಂದಿನ ಚಕ್ರವನ್ನಷ್ಟೇ ತೂರಿಸುವ ತಂತಿಯ ಸ್ಟ್ಯಾಂಡನ್ನು ಸಂಘದವರು ಈಗಾಗಲೇ ತಂದಿದ್ದರೆ ಅದರಿಂದ ಭದ್ರತೆಗೆ ಯಾವ ಪ್ರಯೋಜನವೂ ಇಲ್ಲ, ರಿಮ್ ಸೊಟ್ಟಾಗುವುದು ಮಾತ್ರ ಖಚಿತ. ಕಟ್ಟಡದ ಆರ್.ಸಿ.ಸಿ. ಕಂಬಕ್ಕೋ ನೆಲದ ಸ್ಲ್ಯಾಬಿಗೋ ಸ್ವಂತ ನಿರ್ಧಾರದಿಂದ ಡ್ರಿಲ್ ಹಚ್ಚಬೇಡಿ. ಒಳಗಿನ ಕಂಬಿ, ಜಲನಿರೋಧಕ ಪದರ, ಕೇಬಲ್ ಯಾವುದಕ್ಕೆ ಪೆಟ್ಟಾದರೂ ರಿಪೇರಿಯ ಖರ್ಚು ಸೈಕಲಿನ ಬೆಲೆಯನ್ನು ಮೀರಬಹುದು.

ಹಂತ 3: ಅಳತೆ ತೆಗೆಯಿರಿ

ಆಧಾರ ನಿರ್ಧಾರವಾದ ಮೇಲೆ ಸೈಕಲನ್ನು ಅದರ ಪಕ್ಕಕ್ಕೆ ಒರಗಿಸಿ ನಿಲ್ಲಿಸಿ. ಆಧಾರ, ಫ್ರೇಮಿನ ಒಂದು ಕೊಳವೆ ಮತ್ತು ಹಿಂದಿನ ಚಕ್ರ ಮೂರನ್ನೂ ಒಟ್ಟಿಗೆ ಸುತ್ತುವಂತೆ ಟೇಪನ್ನು ಹಾಯಿಸಿ ಓದಿಕೊಳ್ಳಿ. ದಪ್ಪ ಟೈರಿನ ಎಂ.ಟಿ.ಬಿ. (ಮೌಂಟನ್ ಬೈಕ್) ಮತ್ತು ತೆಳು ಟೈರಿನ ರೋಡ್ ಸೈಕಲ್‌ಗಳ ನಡುವೆ ಈ ಅಳತೆಯಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ಯು-ಲಾಕ್‌ಗಳ (U ಆಕಾರದ ಗಟ್ಟಿ ಕೊಂಡಿಗೆ ಅಡ್ಡಪಟ್ಟಿ ಸಿಕ್ಕಿಸುವ ಬೀಗ) ಒಳ ಅಳತೆ ಸಾಮಾನ್ಯವಾಗಿ 10 ಸೆಂ.ಮೀ. ಅಗಲ, 23 ಸೆಂ.ಮೀ. ಉದ್ದದ ಆಸುಪಾಸಿನಲ್ಲಿರುತ್ತದೆ, ಸಣ್ಣವು ಇನ್ನೂ ಗಿಡ್ಡ. ನಿಮ್ಮ ಕಂಬಿ ಇದರಲ್ಲಿ ಹಿಡಿಯುವುದಾದರೆ ಯು-ಲಾಕ್, ಇಲ್ಲವಾದರೆ ಸರಪಳಿ. ಬೇಸ್‌ಮೆಂಟಿನ ಚೌಕ ಕಂಬವನ್ನೇ ಸುತ್ತಬೇಕೆಂದರೆ ಎರಡು ಮೀಟರಿಗೂ ಹೆಚ್ಚು ಉದ್ದದ ಸರಪಳಿ ಬೇಕಾಗುತ್ತದೆ, ಅದರ ತೂಕವೂ ಬೆಲೆಯೂ ಕೈಗೆ ಸಿಗುವುದಿಲ್ಲ. ಅಂಥ ಕಡೆ ಹಿಂದಿನ ಹಂತದ U ಕಂಬಿಯೇ ಕೊನೆಗೆ ಅಗ್ಗವಾಗುತ್ತದೆ.

ಹಂತ 4: ಬೀಗದ ಬಗೆಯನ್ನು ನಿರ್ಧರಿಸಿ

ಕೇಬಲ್ ಲಾಕ್: ಕೆಲವು ನೂರು ರೂಪಾಯಿಗೆ ಸಿಗುವ ಇದರ ಹೆಬ್ಬೆರಳಿನ ದಪ್ಪ ಬರೀ ಪ್ಲಾಸ್ಟಿಕ್ಕಿನದು. ಒಳಗಿರುವುದು ಎಳೆ ಎಳೆಯಾಗಿ ಹೊಸೆದ ತಂತಿ, ಅದನ್ನು ಕೈಯಲ್ಲಿ ಹಿಡಿಯುವ ಕೇಬಲ್ ಕಟರ್ ಕೆಲವೇ ಕ್ಷಣಗಳಲ್ಲಿ ತುಂಡರಿಸುತ್ತದೆ. ಅಗ್ಗದ ನಂಬರ್ ಲಾಕ್‌ಗಳಿಗೆ ಇನ್ನೊಂದು ದೋಷವಿದೆ: ಕೇಬಲನ್ನು ಎಳೆದು ಹಿಡಿದು ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದರೆ ಸರಿಯಾದ ಅಂಕಿಯಲ್ಲಿ ಬೆರಳಿಗೆ ಸಣ್ಣ ಸಡಿಲ ತಿಳಿಯುತ್ತದೆ, ಕತ್ತರಿಸುವ ಅಗತ್ಯವೂ ಇಲ್ಲ. ಹೆಲ್ಮೆಟ್ಟನ್ನೋ ಮುಂದಿನ ಚಕ್ರವನ್ನೋ ಮುಖ್ಯ ಬೀಗಕ್ಕೆ ಜೋಡಿಸಲು ಮಾತ್ರ ಕೇಬಲ್ ಬಳಸಿ.

ರಿಂಗ್ ಲಾಕ್: ಹಳೆಯ ಅಟ್ಲಾಸ್, ಹೀರೋ ಸೈಕಲ್‌ಗಳ ಹಿಂದಿನ ಚಕ್ರಕ್ಕೆ ಇರುತ್ತಿದ್ದ ಬೀಗ. ಕಣ್ಣಳತೆಯಲ್ಲಿ ಹಾಲು ತರುವಷ್ಟು ಹೊತ್ತಿಗೆ ಇದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಅದರಾಚೆಗೆ ಇದೊಂದನ್ನೇ ನಂಬಬಾರದು.

ಯು-ಲಾಕ್: ಡಿ-ಲಾಕ್ ಎಂದೂ ಕರೆಯುವ ಇದು ತೂಕ, ಬೆಲೆ, ಬಲ ಮೂರನ್ನೂ ತೂಗಿ ನೋಡಿದಾಗ ಬೆಂಗಳೂರಿನ ಬಹುಪಾಲು ಸವಾರರಿಗೆ ಸರಿಯಾದ ಆಯ್ಕೆ ಎಂಬುದು ನನ್ನ ತೀರ್ಮಾನ. ಕೊಂಡಿಯ ಲೋಹ ಹದಗೊಳಿಸಿದ ಉಕ್ಕಾಗಿದ್ದು 12 ಮಿ.ಮೀ.ಗಿಂತ ಕಡಿಮೆ ಇರಬಾರದು. 13 ಅಥವಾ 14 ಇದ್ದರೆ ಸಾಮಾನ್ಯ ಬೋಲ್ಟ್ ಕಟರ್ ಸೋಲುತ್ತದೆ, 16 ದಾಟಿದರೆ ಕೈಯಿಂದ ಒತ್ತುವ ಯಾವ ಕಟರೂ ಕಚ್ಚುವುದಿಲ್ಲ. ಕೊಂಡಿಯ ಎರಡೂ ಕಾಲುಗಳಿಗೆ ಅಗುಳಿ ಬೀಳುವಂಥದ್ದನ್ನೇ ಕೇಳಿ. ಒಂದು ಕಾಲಿಗೆ ಮಾತ್ರ ಅಗುಳಿ ಇದ್ದರೆ ಒಂದು ಕಡೆ ಕೊಯ್ದು ತಿರುಚಿದ ಕೂಡಲೇ ಬೀಗ ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆ ಇದ್ದರೆ ಕಳ್ಳ ಸಾಮಾನ್ಯವಾಗಿ ಎರಡು ಸಲ ಕೊಯ್ಯಬೇಕು.

ಸರಪಳಿ: 8 ಮಿ.ಮೀ. ಕೊಂಡಿಗಳದ್ದು 24 ಅಂಗುಲದ ಬೋಲ್ಟ್ ಕಟರಿಗೆ ಬಗ್ಗುತ್ತದೆ, 10 ಮಿ.ಮೀ.ದು ಪರವಾಗಿಲ್ಲ, 12ರ ಮೇಲಿನದು ಮನೆಯಲ್ಲೇ ಬಿಟ್ಟುಹೋಗಲು ಉತ್ತಮ. ಒಂದು ಮೀಟರ್ ಉದ್ದದ 10 ಮಿ.ಮೀ. ಸರಪಳಿ ಎರಡು ಕಿಲೋ ದಾಟುವುದರಿಂದ ಅದನ್ನು ದಿನವೂ ಹೊತ್ತು ತಿರುಗುವವರು ವಾರದೊಳಗೆ ಬೇಸತ್ತು ಮನೆಯಲ್ಲಿ ಮರೆತುಬರಲು ಶುರು ಮಾಡುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಜಿ.ಐ. (ಸತು ಲೇಪಿಸಿದ) ಸರಪಳಿಯನ್ನು ಮನೆಯ ಹಳೆಯ ಬೀಗದೊಡನೆ ಜೋಡಿಸುವವರು ಹಲವರಿದ್ದಾರೆ. ಬೀಗ ಒಳ್ಳೆಯದೇ ಇರಬಹುದು, ಆದರೆ ಆ ಸರಪಳಿ ಹದ ಕೊಡದ ಮೆದು ಉಕ್ಕಿನದು. ಅಲ್ಲದೆ ಬಾಗಿಲಿಗಾಗಿ ಮಾಡಿದ ಬೀಗದ ಉದ್ದ ಕೊಂಡಿಗೆ ಕಟರಿನ ಬಾಯಿ ಸುಲಭವಾಗಿ ತೂರುತ್ತದೆ.

ಫೋಲ್ಡಿಂಗ್ ಲಾಕ್: ಮಡಚಿ ಫ್ರೇಮಿಗೆ ಸಿಕ್ಕಿಸಬಹುದಾದ ಪಟ್ಟಿಗಳು. ಪಟ್ಟಿಗಳನ್ನು ಜೋಡಿಸುವ ರಿವಿಟ್ಟುಗಳೇ ಇದರ ದುರ್ಬಲ ಜಾಗ. ಅದೇ ಬೆಲೆಗೆ ಹೆಚ್ಚು ಬಲದ ಯು-ಲಾಕ್ ಸಿಗುವಾಗ ಅನುಕೂಲವೊಂದಕ್ಕಾಗಿ ಇದನ್ನು ಆರಿಸಲು ನಾನು ಸಲಹೆ ಮಾಡುವುದಿಲ್ಲ.

ಬ್ಯಾಟರಿಯ ಆಂಗಲ್ ಗ್ರೈಂಡರ್ ಎದುರು ಈ ಎಲ್ಲ ಬಗೆಗಳೂ ನಿಮಿಷಗಳ ಲೆಕ್ಕದಲ್ಲಿ ಸೋಲುತ್ತವೆ. ಗ್ರೈಂಡರಿನ ಬಿಲ್ಲೆಯನ್ನೇ ಸವೆಸುವ ಹಿಪ್‌ಲಾಕ್ ಡಿ1000, ಲೈಟ್‌ಲಾಕ್ ಎಕ್ಸ್1 ಮುಂತಾದ ಬೀಗಗಳು ವಿದೇಶಗಳಲ್ಲಿ ಬಂದಿವೆ. ಅವುಗಳ ಬೆಲೆ ಇಲ್ಲಿನ ಬಹುಪಾಲು ಸೈಕಲ್‌ಗಳ ಬೆಲೆಗೇ ಸಮನಾಗುವುದರಿಂದ ಲಕ್ಷ ದಾಟಿದ ಸೈಕಲ್ ಇದ್ದವರು ಮಾತ್ರ ಯೋಚಿಸಬಹುದು. ಉಳಿದವರು ಸೈಕಲ್ ಬೆಲೆಯ ಹತ್ತನೆಯ ಒಂದು ಭಾಗವನ್ನು ಬೀಗಕ್ಕೆ ಇಟ್ಟರೆ ಸಾಕು. ಆದರೆ ಐದಾರು ಸಾವಿರದ ಸೈಕಲ್‌ಗೆ ಈ ಲೆಕ್ಕ ಹಿಡಿದರೆ ಮತ್ತೆ ಕೇಬಲ್ಲಿಗೇ ಬಂದು ನಿಲ್ಲುತ್ತೀರಿ, ಅಲ್ಲಿ ಸ್ವಲ್ಪ ಕೈಬಿಚ್ಚಿ ಖರ್ಚು ಮಾಡಬೇಕು.

ಹಂತ 5: ಅಂಗಡಿಯಲ್ಲಿ ಪರೀಕ್ಷಿಸಿ

ದಪ್ಪವನ್ನು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಅಳೆಯಬೇಡಿ. ಕೊಂಡಿ ಬೀಗದೊಳಗೆ ಹೋಗುವ ತುದಿಯಲ್ಲಿ ಲೋಹ ಬರಿದಾಗಿ ಕಾಣುತ್ತದೆ, ಕ್ಯಾಲಿಪರನ್ನು ಅಲ್ಲಿ ಹಿಡಿಯಿರಿ. ಪೊಟ್ಟಣದ ಮೇಲೆ 18 ಎಂದು ಬರೆದದ್ದು ಒಳಗೆ 12 ಇರುವುದುಂಟು.

ಉಕ್ಕು ನಿಜವಾಗಿ ಹದಗೊಂಡಿದೆಯೇ ಎಂದು ತಿಳಿಯಲು ಅರವೊಂದೇ ಸಾಕು: ಮೆದು ಉಕ್ಕಿನ ಮೇಲೆ ಅರ ಕಚ್ಚಿ ಹೊಳೆಯುವ ಗೀರು ಮಾಡುತ್ತದೆ, ಹದಗೊಂಡ ಉಕ್ಕಿನ ಮೇಲೆ ಜಾರುತ್ತದೆ. ಮಾರಾಟದ ಬೀಗಕ್ಕೆ ಅರ ಹಚ್ಚಲು ಅಂಗಡಿಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮನೆಯಲ್ಲಿ ಈಗಾಗಲೇ ಇರುವ ಸರಪಳಿಯ ಮೇಲೆ ಇದನ್ನು ಮಾಡಿ ನೋಡಿ, ಹೊಸದು ಬೇಕೇ ಬೇಡವೇ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

ಪೊಟ್ಟಣದ ಮೇಲಿನ ಅಂಕಗಳ ವಿಷಯದಲ್ಲಿ ಜಾಗರೂಕರಾಗಿರಿ. ‘10ಕ್ಕೆ 7’, ‘15ಕ್ಕೆ 10’ ಎಂಬಂಥವು ಆಯಾ ಕಂಪನಿ ತನಗೆ ತಾನೇ ಕೊಟ್ಟುಕೊಂಡ ಅಂಕಗಳು, ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಹೊರಗಿನ ಪರೀಕ್ಷಕರ ಮುದ್ರೆ ಬೇರೆ: ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ಏರುವ ದರ್ಜೆ ಕೊಡುತ್ತದೆ, ನೆದರ್ಲೆಂಡ್ಸಿನ ಎ.ಆರ್.ಟಿ. ನಕ್ಷತ್ರಗಳನ್ನು ಕೊಡುತ್ತದೆ, ಅದರಲ್ಲಿ ಎರಡು ನಕ್ಷತ್ರ ಸೈಕಲ್‌ಗೆ ಸಾಕು. ಇಲ್ಲಿ ಮಾರುವ ಎಷ್ಟೋ ಬೀಗಗಳಿಗೆ ಇವೆರಡೂ ಇರುವುದಿಲ್ಲ, ಇದ್ದರೆ ಆ ಬೀಗಕ್ಕೆ ಆದ್ಯತೆ ಕೊಡಿ.

ಇನ್ನು ಕೀಲಿಕೈ. ಕೊಳವೆಯಂತೆ ದುಂಡಗಿರುವ ಕೀಲಿಯ ಅಗ್ಗದ ಬೀಗವನ್ನು ದೂರವಿಡಿ. 2004ರಲ್ಲಿ ಇಂಥ ಹೆಸರಾಂತ ಬೀಗಗಳೇ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಗೆ ತೆರೆದುಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ಸೂಟ್‌ಕೇಸಿನದರಂತೆ ಹಗುರವಾದ ತಗಡಿನ ಕೀಲಿಯೂ ಬೇಡ. ಒಳಗೆ ಬಿಲ್ಲೆಗಳು ತಿರುಗುವ ಡಿಸ್ಕ್ ಬಗೆಯ ಕೀಲಿ ಗಟ್ಟಿಯಾದದ್ದು. ಕೀಲಿಯ ಜೊತೆ ಬರುವ ಸಂಖ್ಯೆಯ ಬಿಲ್ಲೆಯ ಫೋಟೋ ತೆಗೆದಿಟ್ಟುಕೊಂಡು ಅದನ್ನು ಕೀಲಿಗೊಂಚಲಿನಿಂದ ಬೇರೆ ಮಾಡಿ.

ಹಂತ 6: ಸರಿಯಾಗಿ ಹಾಕುವ ಕ್ರಮ

ಹಿಂದಿನ ಚಕ್ರ, ಫ್ರೇಮು, ಆಧಾರ ಮೂರೂ ಯು-ಲಾಕ್ ಒಳಗೆ ಬರಬೇಕು. ಮುಂದಿನ ಚಕ್ರಕ್ಕಿಂತ ಹಿಂದಿನದು ದುಬಾರಿ, ಅದನ್ನೇ ಮೊದಲು ಕಾಪಾಡಿ. ಗಿಡ್ಡ ಬೀಗವಾಗಿದ್ದು ಮೂರೂ ಹಿಡಿಸದಿದ್ದರೆ, ಸೀಟಿನ ಕೆಳಗಿನ ಎರಡು ಜೋಡಿ ಕೊಳವೆಗಳು ಮಾಡುವ ತ್ರಿಕೋನದ ಒಳಗೆ ಬರುವ ಚಕ್ರದ ಭಾಗವನ್ನು, ರಿಮ್ ಮತ್ತು ಟೈರ್ ಸೇರಿಸಿ ಆಧಾರಕ್ಕೆ ಬಿಗಿಯಿರಿ. ಚಕ್ರವನ್ನು ಆ ತ್ರಿಕೋನದಿಂದ ಹೊರಗೆಳೆಯಲು ಆಗದ ಕಾರಣ ಫ್ರೇಮೂ ಅಲ್ಲೇ ಸಿಕ್ಕಿಬೀಳುತ್ತದೆ.

ಬೀಗದೊಳಗೆ ಖಾಲಿ ಜಾಗ ಉಳಿಯದಂತೆ ನೋಡಿಕೊಳ್ಳಿ, ಏಕೆಂದರೆ ಹಾರೆಯೋ ಸಣ್ಣ ಜಾಕೋ ತೂರುವುದು ಆ ಸಂದಿಯಲ್ಲೇ. ಬೀಗ ನೆಲಕ್ಕೆ ತಾಗಬಾರದು. ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕಬಹುದು, ನೆಲದ ಮೇಲಿದ್ದರೆ ಸುತ್ತಿಗೆ ಏಟಿಗೂ ಆಸರೆ ಸಿಗುತ್ತದೆ. ಕೀಲಿಯ ಕಂಡಿ ಕೆಳಮುಖವಾಗಿರಲಿ, ಮಳೆನೀರು ನಿಲ್ಲುವುದಿಲ್ಲ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಅಗುಳಿ ಅರ್ಧ ಮಾತ್ರ ಬಿದ್ದ ಬೀಗ ನೋಡಲು ಹಾಕಿದ ಹಾಗೆಯೇ ಕಾಣುತ್ತದೆ.

ಕಾರ್ಬನ್ ಫ್ರೇಮ್ ಇದ್ದರೆ ಸರಪಳಿಯನ್ನು ಕೊಳವೆಗೆ ಬಿಗಿಯಾಗಿ ಸುತ್ತಬೇಡಿ.

ಹಂತ 7: ಚಕ್ರ ಮತ್ತು ಸೀಟು

ಸನ್ನೆ ಎಳೆದರೆ ಬಿಚ್ಚಿಕೊಳ್ಳುವ ಕ್ವಿಕ್ ರಿಲೀಸ್ ಚಕ್ರಗಳಿದ್ದರೆ ಆ ಸನ್ನೆಯ ಬದಲು ಅಲೆನ್ ಕೀ ಬೇಕಾಗುವ ಕಂಬಿ ಹಾಕಿಸಿ. ಸೀಟಿನ ಕ್ಲಾಂಪಿಗೂ ಇದೇ ಉಪಾಯ. ಅಲೆನ್ ಕೀ ಕಳ್ಳನ ಬಳಿಯೂ ಇರುತ್ತದೆಂಬ ಚಿಂತೆಯಿದ್ದರೆ, 5 ಮಿ.ಮೀ. ಅಲೆನ್ ತೂತಿಗೆ 3/16 ಅಂಗುಲದ ಬೇರಿಂಗ್ ಗುಂಡನ್ನು ಕೂರಿಸಿ ಮೇಲೆ ಮೇಣ ಹನಿಸಿ. ಸೈಕಲ್ ರಿಪೇರಿಯವರ ಡಬ್ಬಿಯಲ್ಲಿ ಆ ಗುಂಡು ಸದಾ ಇರುತ್ತದೆ. ಬಿಚ್ಚಬೇಕಾದಾಗ ಮೇಣ ಕೆರೆದು ಆಯಸ್ಕಾಂತದಿಂದ ಎತ್ತಿದರಾಯಿತು. ಲೈಟು, ಪಂಪು, ಚೀಲಗಳನ್ನು ಬಿಚ್ಚಿ ಜೊತೆಗೆ ಒಯ್ಯಿರಿ.

ಹಂತ 8: ಆರೈಕೆ ಮತ್ತು ಎಚ್ಚರಿಕೆಯ ಸೂಚನೆಗಳು

ಜೂನ್‌ನಿಂದ ನವೆಂಬರ್‌ವರೆಗೆ ಬಿಟ್ಟುಬಿಟ್ಟು ಸುರಿಯುವ ಮಳೆಗೆ ಕೀಲಿಯ ಕಂಡಿ ತುಕ್ಕು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಅಥವಾ ಒಣ ಲ್ಯೂಬ್ ಹಾಕಿ; ಕೊಬ್ಬರಿ ಎಣ್ಣೆಯಾಗಲಿ ಗ್ರೀಸ್ ಆಗಲಿ ರಸ್ತೆಯ ಧೂಳನ್ನು ಹಿಡಿದು ಕೆಲವೇ ವಾರಗಳಲ್ಲಿ ಅಂಟಾಗುತ್ತದೆ.

ಬೀಗದ ಮೇಲೆ ಹೊಸ ಗೀರು, ಹ್ಯಾಕ್ಸಾದ ಗುರುತು, ಸಡಿಲವಾದ ಚಕ್ರದ ನಟ್ಟು, ಸ್ಟ್ಯಾಂಡಿನ ಪೈಪನ್ನು ಮೊದಲೇ ಕೊಯ್ದು ಟೇಪು ಸುತ್ತಿ ಮರೆಮಾಡಿದ ಜಾಗ ಕಂಡರೆ ಅಲ್ಲಿ ಮತ್ತೆ ನಿಲ್ಲಿಸಬೇಡಿ. ಅತ್ಯಂತ ಅಪಾಯದ ಸೂಚನೆ ಬೇರೆಯದು: ಕೀಲಿಯ ಕಂಡಿಯಲ್ಲಿ ಗೋಂದು ತುಂಬಿರುವುದು, ಅಥವಾ ನಿಮ್ಮ ಬೀಗದ ಜೊತೆಗೆ ಅಪರಿಚಿತರ ಬೀಗವೊಂದು ಸೇರಿಕೊಂಡಿರುವುದು. ನೀವು ಕೈಚೆಲ್ಲಿ, ಸೈಕಲನ್ನು ಅಲ್ಲೇ ಬಿಟ್ಟು ಮನೆಗೆ ಹೋಗಲಿ ಎಂಬುದೇ ಅದನ್ನು ಮಾಡಿದವನ ಲೆಕ್ಕ. ರಾತ್ರಿ ಬಂದು ನಿಧಾನವಾಗಿ ಒಯ್ಯುತ್ತಾನೆ. ಅಂದೇ ಬೀಗದವರನ್ನು ಕರೆಸಿ ಕತ್ತರಿಸಿ ತೆಗೆಯಿರಿ. ಆ ಹೊತ್ತಿಗೆ ಸುತ್ತ ನಿಂತವರು ನಿಮ್ಮನ್ನೇ ಕಳ್ಳನೆಂದು ತಿಳಿಯಬಹುದು, ಸೈಕಲಿನ ಬಿಲ್ಲು ಫೋನಿನಲ್ಲಿರಲಿ.

ಹಂತ 9: ಕೊಂಡ ದಿನವೇ ದಾಖಲೆ

ಸೈಕಲನ್ನು ತಲೆಕೆಳಗು ಮಾಡಿದರೆ ಪೆಡಲ್‌ಗಳು ಸೇರುವ ಜಾಗದ ಅಡಿಯಲ್ಲಿ ಫ್ರೇಮ್ ಸಂಖ್ಯೆ ಸಾಮಾನ್ಯವಾಗಿ ಕೊರೆದಿರುತ್ತದೆ. ಅದರ ಫೋಟೋ, ಇಡೀ ಸೈಕಲಿನ ಫೋಟೋ, ಬಿಲ್ಲು, ಬೀಗದ ರಶೀದಿ ನಾಲ್ಕನ್ನೂ ಒಂದೆಡೆ ಇಡಿ. ಕ್ಯಾಮೆರಾ ದೃಶ್ಯದಲ್ಲಿ ಒಂದೇ ಬಣ್ಣದ ಹತ್ತು ಸೈಕಲ್ ಕಂಡರೂ ಇದು ನನ್ನದೆಂದು ತೋರಿಸಲು ಬೇರೆ ದಾರಿಯಿಲ್ಲ.

ಇಷ್ಟಾಗಿಯೂ ಕಳುವಾದರೆ ಆ ದಿನವೇ ಠಾಣೆಗೆ ಹೋಗಿ. ಕಳೆದುಹೋದ ವಸ್ತುಗಳಿಗಾಗಿ ಇರುವ ಪೊಲೀಸರ ಇ-ಲಾಸ್ಟ್ ವರದಿ ಕಳ್ಳತನದ ದೂರಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿನ ಅಡಿ, ಸೈಕಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇಲ್ಲದಿದ್ದರೆ, ಕಳ್ಳತನವೆಂದೇ ಎಫ್‌ಐಆರ್ ದಾಖಲಾಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು. ಇಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ದಾಖಲಾದ ಮಾಹಿತಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಕ್ಯಾಮೆರಾದ ಹಳೆಯ ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುವುದರಿಂದ ಠಾಣೆಗೆ ಹೊರಡುವ ಮೊದಲೇ ಸಂಘದ ಮ್ಯಾನೇಜರಿಗೆ ಅವನ್ನು ತೆಗೆದಿಡುವಂತೆ ಬರೆದು ಕೊಡಿ. ಮುಂದಿನ ದಿನಗಳಲ್ಲಿ ಹಳೆಯ ಸೈಕಲ್ ಮಾರುವ ಆ್ಯಪ್‌ಗಳ ಮೇಲೆ ಕಣ್ಣಿಡಿ. ನಿಮ್ಮದು ಕಂಡುಬಂದರೆ ಮಾರುವವನನ್ನು ಒಬ್ಬರೇ ಭೇಟಿಯಾಗಲು ಹೋಗದೆ, ಜಾಹೀರಾತಿನ ಸ್ಕ್ರೀನ್‌ಶಾಟನ್ನು ಎಫ್‌ಐಆರ್ ಸಂಖ್ಯೆಯ ಸಮೇತ ತನಿಖಾಧಿಕಾರಿಗೆ ಕೊಡಿ.